ಬೇಡ ಎಂದರೆ ಬಿಡದ ವೆಬ್‌ಸೈಟು

ನನಗೊಂದು ಚಾಳಿ ಇದೆ. ಯಾವ ವೆಬ್‌ಸೈಟು ಏನು ಕೇಳಿದರೂ ‘ಒಪ್ಪಿದ್ದೇನೆ’ ಎಂದು ಒತ್ತಿಬಿಡುವುದು. ನಿಮಗೂ ಇದ್ದೀತು. ಆದರೆ ಅದನ್ನು ಪಕ್ಕದಲ್ಲಿ ಕೂತು ನೋಡುವವರು ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ನೀವು ಪುಣ್ಯವಂತರು.

ಮೊನ್ನೆ ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ಸುಮತಿಗೆ ಕಬ್ಸಾ ಮಾಡುವ ಹುಮ್ಮಸ್ಸು ಬಂತು. ಕಬ್ಸಾ ಎಂದರೆ ಇಲ್ಲಿನವರ ಮಾಂಸದನ್ನ. ಸೌದಿಯ ಈ ಜುಬೈಲಿಗೆ ಬಂದು ಇಷ್ಟು ವರ್ಷವಾದರೂ ನಮ್ಮ ಒಲೆಯಿಂದ ಅದು ಬಿರಿಯಾನಿಯಾಗಿಯೇ ಇಳಿಯುತ್ತದೆ. ಮಾಡುವ ವಿಧಾನ ಹುಡುಕಿಕೊಡಿ ಎಂದಳು, ನಾನು ಫೋನು ತೆಗೆದೆ. ಪುಟ ತೆರೆದ ಕೂಡಲೇ ಒಂದು ಪೆಟ್ಟಿಗೆ ಎದ್ದು ಬಂತು: ನಿಮ್ಮ ಬಗ್ಗೆ ಕೆಲವು ವಿಷಯ ನೆನಪಿಟ್ಟುಕೊಳ್ಳುತ್ತೇವೆ, ಒಪ್ಪಿಗೆಯೇ? ಒತ್ತಿದೆ. ನೀವು ಎಲ್ಲಿದ್ದೀರಿ ಎಂದು ತಿಳಿದುಕೊಳ್ಳಬಹುದೇ? ಒತ್ತಿದೆ. ವಾರಕ್ಕೊಂದು ಸುದ್ದಿ ಕಳಿಸಲೇ? ಅದನ್ನೂ ಒತ್ತಿದೆ. ಅಷ್ಟರಲ್ಲಿ ಕೆಳಗಿನಿಂದ ಜಾಹೀರಾತಿನ ಕಾರೊಂದು ಓಡಿ ಬಂತು, ಮೇಲಿನಿಂದ ಯಾರೋ ಹಲ್ಲುಜ್ಜುತ್ತ ಇಳಿದರು, ನಡುವಿನ ಕಿಟಕಿಯಷ್ಟು ಜಾಗದಲ್ಲಿ ಅಡುಗೆ ಬರೆದಾಕೆ ತನ್ನ ಬಾಲ್ಯದ ಕಥೆ ಶುರು ಮಾಡಿದ್ದಳು. ಅಕ್ಕಿ ಎಷ್ಟು ಹೊತ್ತು ನೆನೆಯಬೇಕು ಎಂಬುದಕ್ಕೆ ಬರುವಾಗ ಆಕೆಗೆ ಮದುವೆ ಆಗಿರುತ್ತದೆ ಎಂದು ನನಗೆ ಅನುಭವದಿಂದ ಗೊತ್ತು.

ಸುಮತಿ ನೀರುಳ್ಳಿ ಹಿಡಿದುಕೊಂಡೇ ನೋಡುತ್ತಿದ್ದಳು.

“ಓದದೆ ಎಲ್ಲದಕ್ಕೂ ಒಪ್ಪುದಾ ನೀವು? ಹಾಲಿನ ಕಿಟಕಿಯ ಪರದೆ ಬದಲಿಸುವ ಅಂತ ನಾನು ಕಳೆದ ರಂಜಾನಿನಿಂದ ಹೇಳ್ತಾ ಇದ್ದೇನೆ. ಅದಕ್ಕೆ ಯೋಚನೆ ಮಾಡ್ಬೇಕಂತೆ. ಯಾರೋ ಗುರ್ತ ಇಲ್ಲದವ ಕೇಳಿದ ಕೂಡ್ಲೆ ಹೂಂ!”

“ನೀನೂ ಒಂದು ಹಸಿರು ಬಟನ್ ಇಟ್ಕೋ, ಒತ್ತಿಬಿಡ್ತೇನೆ” ಎಂದೆ. ಆ ದಿನದ ಕಬ್ಸಾದಲ್ಲಿ ನನ್ನ ಪಾಲಿಗೆ ಹೆಚ್ಚಾಗಿ ಮೂಳೆಗಳೇ ಬಂದವು.

ಈ ಚಾಳಿಯಿಂದ ನಾನು ಏನೇನೋ ಆಗಿದ್ದೇನೆ. ಜಾಹೀರಾತು ಮುಚ್ಚುವ ಗುಣಾಕಾರದ ಗುರುತು ಎಳ್ಳಿನಷ್ಟು ಸಣ್ಣದು, ಸ್ಪ್ಯಾನರ್ ತಿರುಗಿಸಿ ತಿರುಗಿಸಿ ದಪ್ಪಗಾದ ನನ್ನ ಬೆರಳು ಅದರ ನೆರೆಮನೆಗೆ ಹೋಗಿ ಬೀಳುತ್ತದೆ. ಹಾಗೆ ಒಮ್ಮೆ ಬಿದ್ದದ್ದರಿಂದ ಬೇಟೆಯ ಗಿಡುಗ ಸಾಕುವವರಿಗೆ ಬರುವ ಸಲಹೆಗಳು ನನಗೆ ತಪ್ಪದೆ ಬರುತ್ತವೆ. ಗಿಡುಗ ಮಂಕಾಗಿದ್ದರೆ ಏನು ಮಾಡಬೇಕು, ಪ್ರಯಾಣದಲ್ಲಿ ಅದನ್ನು ಹೇಗೆ ಕೂರಿಸಬೇಕು ಇತ್ಯಾದಿ. ಸುಮತಿ ಅದನ್ನು ಬಹಳ ಆಸಕ್ತಿಯಿಂದ ಓದುತ್ತಾಳೆ. ಕೆಲವು ಸಲಹೆಗಳನ್ನು ನನ್ನ ಮೇಲೆ ಪ್ರಯೋಗಿಸುತ್ತಿದ್ದಾಳೆಂಬ ಗುಮಾನಿ ನನಗಿದೆ.

ನನ್ನ ಉದ್ಯೋಗವೂ ಈ ಸಂಕಟಕ್ಕೆ ಸ್ವಲ್ಪ ಕಾರಣ. ನಾನು ಇಲ್ಲಿನ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್. ನಮ್ಮ ಕಂಟ್ರೋಲ್ ರೂಮಿನ ಪರದೆಗಳನ್ನು ನೋಡಿದರೆ ನಿಮಗೆ ನಿದ್ದೆ ಬರುತ್ತದೆ. ಎಲ್ಲ ಬೂದು ಬಣ್ಣ. ಅದು ಹಾಗಿರುವುದೇ ಸರಿ. ಎಲ್ಲೋ ಒತ್ತಡ ಏರಿದಾಗ ಮಾತ್ರ ಒಂದು ಕಡೆ ಕೆಂಪು ಮಿನುಗುತ್ತದೆ, ನಾವು ಚಹಾ ಬಿಟ್ಟು ಓಡುತ್ತೇವೆ. ಇಡೀ ದಿನ ಅಲ್ಲಿದ್ದು ಮನೆಗೆ ಬಂದು ಫೋನು ತೆರೆದರೆ ಚಪ್ಪಲಿಯ ಅಂಗಡಿ ಕೆಂಪಗೆ ಮಿನುಗುತ್ತದೆ, ಹವಾಮಾನ ಕೆಂಪಗೆ ಮಿನುಗುತ್ತದೆ, ಯಾರದೋ ಮಗುವಿನ ಹುಟ್ಟುಹಬ್ಬವೂ ಕೆಂಪಗೆ ಮಿನುಗುತ್ತದೆ. ಚಪ್ಪಲಿಯ ರಿಯಾಯಿತಿ ಕಂಡು ಕುರ್ಚಿಯಿಂದ ಎದ್ದು ನಿಂತ ಬಡಪಾಯಿ ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ಮೊದಲು ಇಂಟರ್‌ನೆಟ್ಟು ಹೀಗೆ ಮೈಮೇಲೆ ಬೀಳುತ್ತಿರಲಿಲ್ಲ. ನಾವೇ ಅದರ ಬಾಗಿಲಿಗೆ ಹೋಗಿ ಕಾಯಬೇಕಿತ್ತು. ನಮ್ಮ ಲೇಬರ್ ಕ್ಯಾಂಪಿನ ಎದುರಿನ ಕೆಫೆಯಲ್ಲಿ ಕಂಪ್ಯೂಟರುಗಳ ಮುಂದೆ ಸರದಿ. ಚಿತ್ರಗಳು ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿದ್ದವು. ನನ್ನ ತಂಗಿಯ ಮದುವೆಗೆ ರಜೆ ಸಿಗಲಿಲ್ಲ, ಮೂಲ್ಕಿಯಿಂದ ಮದುವೆಯ ಫೋಟೋ ಇಮೇಲಿನಲ್ಲಿ ಬಂತು. ಮೊದಲು ಸಭಾಂಗಣದ ಫ್ಯಾನು, ಆಮೇಲೆ ಮಂಟಪದ ಹೂವು, ಆಮೇಲೆ ಭಾವನ ಪೇಟ. ಅಷ್ಟಾಗುವಾಗ ನನ್ನ ಹೊತ್ತು ಮುಗಿದು ಹಿಂದಿನವನು ಭುಜ ತಟ್ಟಿದ. ಹಾಗಾಗಿ ಭಾವನ ಪೇಟವನ್ನು ನೋಡಿದ್ದು ಒಂದು ಶುಕ್ರವಾರ, ಮುಖವನ್ನು ನೋಡಿದ್ದು ಮುಂದಿನ ಶುಕ್ರವಾರ. ನಡುವಿನ ವಾರವಿಡೀ ಪೇಟದ ಮೇಲಿಂದಲೇ ಅವರ ಗುಣಸ್ವಭಾವವನ್ನು ಊಹಿಸುತ್ತಿದ್ದೆ. ಮುಖ ನೋಡಿದ ಮೇಲೂ ಆ ಅಭಿಪ್ರಾಯ ಹೆಚ್ಚೇನೂ ಬದಲಾಗಲಿಲ್ಲ.

ಆ ಕಾಲದಲ್ಲಿ ನಾನು ಕಂಡ ಅತ್ಯುತ್ತಮ ವೆಬ್ ಪುಟ ಯಾವುದು ಗೊತ್ತೇ? ಇಲ್ಲಿನ ಸರಕಾರ ತಡೆದ ಸೈಟಿಗೆ ಹೋದರೆ ‘ಈ ಪುಟಕ್ಕೆ ಪ್ರವೇಶವಿಲ್ಲ’ ಎಂದು ಹೇಳುವ ಪುಟ. ನಗಬೇಡಿ. ಕೂಡಲೇ ತೆರೆಯುತ್ತಿತ್ತು. ಎರಡು ಭಾಷೆಯಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ, ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗುತ್ತಿತ್ತು. ನೀವು ಯಾರು, ಎಲ್ಲಿಂದ ಬಂದಿರಿ, ನಮ್ಮನ್ನು ಎಷ್ಟು ಮೆಚ್ಚಿದಿರಿ ಎಂದೆಲ್ಲ ಕೇಳುತ್ತಿರಲಿಲ್ಲ. ಅಂಥ ಶಿಸ್ತಿನ ಪುಟವನ್ನು ಆಮೇಲೆ ನಾನು ನೋಡಿಲ್ಲ.

ಇಂಥ ಉಪದೇಶ ಮಾಡುವ ನಾನು ಆಗ ಕಟ್ಟಿದ ವೆಬ್‌ಸೈಟು ಹೇಗಿತ್ತು ಎಂಬುದನ್ನೂ ಹೇಳಬೇಕು. ಜುಬೈಲಿನಲ್ಲಿರುವ ದಕ್ಷಿಣ ಕನ್ನಡ, ಉಡುಪಿಯವರದೊಂದು ಕೂಟ ಇದೆ. ಅದಕ್ಕೆ ಸೈಟು ಬೇಕು ಎಂದಾದಾಗ ಕಂಪ್ಯೂಟರಿನ ಬೆನ್ನಿನ ವಯರು ಯಾವುದು ಎಲ್ಲಿಗೆ ಎಂದು ಗೊತ್ತಿದ್ದವನು ನಾನು ಎಂಬ ಕಾರಣಕ್ಕೆ ಕೆಲಸ ನನ್ನ ಕೊರಳಿಗೆ ಬಿತ್ತು. ಬೇರೆ ಬೇರೆ ಸೈಟುಗಳ ಒಳಗಿನ ಬರಹ ತೆರೆದು ನೋಡಿ ಕಲಿತೆ, ಕಲಿತದ್ದನ್ನೆಲ್ಲ ಒಂದೇ ಪುಟಕ್ಕೆ ತುಂಬಿದೆ. ಎರಡೂ ಬದಿ ಉರಿಯುವ ದೀಪ. ಬಲದಿಂದ ಎಡಕ್ಕೆ ಓಡುವ ‘ಸುಸ್ವಾಗತ’. ಅರಳುವ, ಮುದುಡುವ, ಪುನಃ ಅರಳುವ ಗುಲಾಬಿ. ಕೆಳಗೆ ಎಷ್ಟು ಮಂದಿ ಬಂದರೆಂದು ತೋರಿಸುವ ಮೀಟರು, ಅದರಲ್ಲಿ ಬಹುಪಾಲು ಮಂದಿ ನಾನೇ. ಎಲ್ಲದಕ್ಕೂ ಕಳಶವಿಟ್ಟಂತೆ, ಪುಟ ತೆರೆದರೆ ಸಾಕು, ಚೆಂಡೆ ಬಡಿಯುತ್ತಿತ್ತು.

ಒಂದು ದಿನ ಕಂಟ್ರೋಲ್ ರೂಮಿನ ಪಕ್ಕದ ಆಫೀಸಿನಲ್ಲಿ ಗೆಳೆಯನೊಬ್ಬ ಆಸೆಯಿಂದ ಸೈಟು ತೆರೆದ. ಸ್ಪೀಕರಿನ ಧ್ವನಿ ಪೂರ್ತಿ ಮೇಲಿತ್ತು. ನಮ್ಮ ಈಜಿಪ್ಟಿನ ಶಿಫ್ಟ್ ಸೂಪರ್‌ವೈಸರ್ ಅಂಥ ಸದ್ದನ್ನು ಹುಟ್ಟಿದ ಮೇಲೆ ಕೇಳಿದವರಲ್ಲ. “ಯಲ್ಲಾ! ಯಲ್ಲಾ!” ಎಂದು ಎಲ್ಲರನ್ನೂ ಅವಸರಪಡಿಸುತ್ತ ಪ್ಯಾನೆಲಿಗೆ ಓಡಿ ಯಾವ ಅಲಾರಂ ಎಂದು ಹುಡುಕಿದರು. ಪ್ಯಾನೆಲು ಬೂದುಬಣ್ಣದಲ್ಲಿ ತಣ್ಣಗೆ ಕೂತಿತ್ತು. ಚೆಂಡೆ ಏರುತ್ತಲೇ ಇತ್ತು. ಕೊನೆಗೆ ನಾನು ಹೋಗಿ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತೆ. ಅದು ಏನು ಎಂದು ಅವರು ಕೇಳಿದರು. ನಮ್ಮ ಊರಿನ ಸ್ವಾಗತ ಎಂದೆ. ಆಮೇಲೆ ಅವರು ನನ್ನನ್ನು ಸ್ವಲ್ಪ ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದರು.

ಆ ಸೈಟಿನ ಬಗ್ಗೆ ಇದ್ದದ್ದನ್ನು ಇದ್ದಹಾಗೆ ಹೇಳಿದವರು ಹಮೀದಾಕ ಒಬ್ಬರೇ. ಹೆಸರು ಹಮೀದ್, ಊರು ಉಳ್ಳಾಲದ ಬದಿ. ಬ್ಯಾರಿ ಹುಡುಗರು ಗೌರವದಿಂದ ಹಮೀದಾಕ ಎಂದು ಕರೆಯುವುದನ್ನು ಕೇಳಿ ನಮ್ಮೆಲ್ಲರಿಗೂ ಹಾಗೆಯೇ ಆಗಿಬಿಟ್ಟರು. ಕ್ಯಾಂಪಿನ ಹತ್ತಿರ ಅವರದೊಂದು ಬಕಾಲ, ಅಂದರೆ ಕಿರಾಣಿ ಅಂಗಡಿ. ಸೈಟನ್ನು ತೋರಿಸಿದಾಗ ಕನ್ನಡಕ ಮೇಲಕ್ಕೆ ಸರಿಸಿ ನೋಡಿದರು.

“ಹಾರ್ತದೆ, ಕುಣೀತದೆ, ಎಲ್ಲ ಚೆಂದ ಉಂಟು. ಓದ್ಲಿಕ್ಕೆ ಎಂತ ಉಂಟು ಮಾರಾಯ?”

ಓದಲಿಕ್ಕೆ ಎಂದು ಏನನ್ನೂ ಹಾಕಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು.

ಹಮೀದಾಕನ ಅಂಗಡಿಯ ಹಿಂದೆ ಒಂದು ಕೋಣೆ. ಶುಕ್ರವಾರ ನಮಾಜು ಮುಗಿಸಿ ಬಂದು ಅವರು ಅಲ್ಲಿ ದೊಡ್ಡ ಪಾತ್ರೆಯಲ್ಲಿ ತುಪ್ಪದನ್ನ, ಕೋಳಿ ಸಾರು ಮಾಡುತ್ತಿದ್ದರು. ಊರಿನಿಂದ ಹೊಸದಾಗಿ ಬಂದವರು, ಕೆಲಸವಾಗದೆ ಕೂತವರು, ಮನೆಯ ನೆನಪಾಗಿ ಮುಖ ಸಪ್ಪೆ ಮಾಡಿಕೊಂಡವರು, ಯಾರು ಬಂದರೂ ಅಲ್ಲಿ ಜಾಗ. ನಾನು ಬಂದ ಹೊಸತರಲ್ಲಿ ಒಂದು ಶುಕ್ರವಾರ ಸಾಬೂನು ಕೊಳ್ಳಲು ಹೋಗಿದ್ದೆ. ಊಟ ಮಾಡ್ತೀಯಾ ಎಂದರು. ಹೊಟ್ಟೆ ಹಸಿದು ಕಣ್ಣು ಮಂಜಾಗುತ್ತಿತ್ತು. ನಾನು ಹೇಳಿದ್ದು ಏನು? “ಬೇಡ, ಈಗಷ್ಟೇ ಆಯ್ತು.”

“ಒಂಚೂರು ಕೂತ್ಕೊ.”

“ಬೇಡ ಬೇಡ, ಹೊಟ್ಟೆ ತುಂಬಿದೆ.”

“ತುಂಬಿದ್ರೆ ತುಂಬ್ಲಿ. ಬಾ ಇಲ್ಲಿ.”

ಆಮೇಲೆ ನಾನು ಉಂಡದ್ದನ್ನು ನೋಡಿ ಅವರಿಗೆ ಪಾತ್ರೆಯ ಬಗ್ಗೆ ಚಿಂತೆಯಾಗಿರಬೇಕು.

ನಮ್ಮ ಕರಾವಳಿಯವರ ಈ ‘ಬೇಡ’ವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಮೊದಲನೆಯ ಬೇಡ ಬರಿಯ ಮರ್ಯಾದೆ. ಕೇಳಿದ ಕೂಡಲೇ ಹೂಂ ಎಂದವನನ್ನು ಇವನಿಗೆ ಮನೆಯಲ್ಲಿ ಹಾಕುವುದಿಲ್ಲವೋ ಏನೋ ಎಂದು ನೋಡುತ್ತಾರೆ. ಎರಡನೆಯ ಬೇಡ, ನೀವು ಮನಸ್ಸಿನಿಂದ ಕೇಳುತ್ತಿದ್ದೀರೋ ಬಾಯಿಮಾತಿಗೋ ಎಂದು ನೋಡುವುದಕ್ಕೆ. ಮೂರನೆಯದು ಮಾತ್ರ ನಿಜವಾದ ಬೇಡ, ಅಲ್ಲಿವರೆಗೆ ಹೋಗುವವರು ಕಡಿಮೆ. ಇವುಗಳ ನಡುವೆ ‘ನೋಡುವ’ ಎಂಬುದೊಂದಿದೆ. ಮದುವೆಗೆ ಬರ್ತೀರಲ್ಲ ಎಂದರೆ “ನೋಡುವ” ಎನ್ನುತ್ತೇವೆ. ಹಾಗೆಂದರೆ ಖಂಡಿತ ಬರುತ್ತೇವೆ ಎಂದೂ ಆಗಬಹುದು, ಸುತರಾಂ ಬರುವುದಿಲ್ಲ ಎಂದೂ ಆಗಬಹುದು. ಹೇಳಿದವರಿಗೂ ಆಗ ಗೊತ್ತಿರುವುದಿಲ್ಲ.

ಇದು ಎಲ್ಲ ಕಡೆ ನಡೆಯುವುದಿಲ್ಲ ಎಂದು ನನಗೆ ಕಲಿಸಿದವನು ನಮ್ಮ ಶಿಫ್ಟಿನ ಫಿಲಿಪ್ಪೀನ್ಸಿನ ಗೆಳೆಯ. ಡಬ್ಬಿ ಬಿಚ್ಚಿ ಹುರಿದ ಕೋಳಿ ಬೇಕಾ ಎಂದ. ಬೇಡ ಎಂದೆ. ಸರಿ ಎಂದು ಡಬ್ಬಿ ಮುಚ್ಚಿದ! ಅಷ್ಟೇ! ಆ ಕೋಳಿಯ ಕಾಲು ಈಗಲೂ ನನ್ನ ಕಣ್ಣ ಮುಂದಿದೆ. ಅದಕ್ಕೆ ತದ್ವಿರುದ್ಧ ನಮ್ಮ ಸೌದಿ ಸಹೋದ್ಯೋಗಿಯ ಮನೆ. ಅಲ್ಲಿ ಬೇಡ ಎಂದರೆ ಆಣೆ ಹಾಕಿ, ಒಳ್ಳೆಯ ತುಂಡನ್ನು ಕೈಯಾರೆ ನಮ್ಮ ಮುಂದೆ ತಂದು ಇಡುತ್ತಾರೆ. ಪುಟ್ಟ ಬಟ್ಟಲಿನ ಕಾಫಿ ಖಾಲಿಯಾದ ಹಾಗೆ ತುಂಬುತ್ತಲೇ ಇರುತ್ತಾರೆ. ಸಾಕು ಅನಿಸಿದರೆ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಬೇಕು. ನನಗೆ ಗೊತ್ತಿರಲಿಲ್ಲ. ಅವರು ಹೊಯ್ಯುತ್ತ ಹೋದರು, ನಾನು ಮರ್ಯಾದೆಗೆ ಕುಡಿಯುತ್ತ ಹೋದೆ. ಪಕ್ಕದವರು ಕನಿಕರದಿಂದ ನನ್ನ ಕೈ ಹಿಡಿದು ಅಲ್ಲಾಡಿಸಿದ ಮೇಲೆಯೇ ಅದು ನಿಂತದ್ದು. ಎಷ್ಟು ಚೊಕ್ಕ ವ್ಯವಸ್ಥೆ ನೋಡಿ: ಕೊಡುವವರು ಕೊಡುತ್ತಲೇ ಇರಬಹುದು, ನಿಲ್ಲಿಸುವುದು ಮಾತ್ರ ಕುಡಿಯುವವನ ಕೈಯಲ್ಲಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಏನು ಮಾಡಿದೆ ಕೇಳಿ.

ಈ ವರ್ಷ ಹಮೀದಾಕ ಎಕ್ಸಿಟ್ ಹೊಡೆದು, ಅಂದರೆ ವೀಸಾ ಮುಗಿಸಿಕೊಂಡು, ಊರಿಗೆ ಹೊರಟರು. ಮೊಣಕಾಲು ಕೇಳುವುದಿಲ್ಲ, ಅಂಗಡಿಯನ್ನು ಕಾಸರಗೋಡಿನವರೊಬ್ಬರು ತೆಗೆದುಕೊಳ್ಳುತ್ತಾರೆ, ಇನ್ನು ತಿರುಗಿ ಬರುವುದಿಲ್ಲ. ಕೂಟದಿಂದ ಅವರಿಗೊಂದು ಬೀಳ್ಕೊಡುಗೆ ಊಟ ಎಂದು ನಿಶ್ಚಯವಾಯಿತು. ನಮ್ಮ ಅಧ್ಯಕ್ಷರಾದ ಶೆಟ್ರು ಇನ್ನೊಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರು, ಎಲ್ಲವೂ ಕರಾರುವಾಕ್ಕಾಗಿ ಇರಬೇಕು ಎನ್ನುವವರು.

“ಶೇಖರ, ನಮ್ಮ ಸೈಟು ಭಾರೀ ಹಳೆ ಕಾಲದ್ದಾಯ್ತು. ಸ್ವಲ್ಪ ಮಾಡರ್ನ್ ಮಾಡು. ಮತ್ತೆ ಎಷ್ಟು ಜನ ಬರ್ತಾರೆ ಅಂತ ಸರಿಯಾಗಿ ಗೊತ್ತಾಗ್ಬೇಕು. ಅನ್ನ ಹಾಳಾಗ್ಬಾರ್ದು.”

ಮಾಡರ್ನ್ ಮಾಡಿದೆ. ಟೆಂಪ್ಲೇಟ್ ಎಂಬ ಸಿದ್ಧ ಅಚ್ಚೊಂದನ್ನು ತಂದು ದೀಪ, ಗುಲಾಬಿ, ಚೆಂಡೆ ಎಲ್ಲವನ್ನೂ ಕಿತ್ತೊಗೆದೆ. ಹಮೀದಾಕನ ಫೋಟೋ ಎಷ್ಟು ದೊಡ್ಡದಾಗಿ ಬಂತೆಂದರೆ ಫೋನಿನಲ್ಲಿ ಮೊದಲು ಮೂಗು ಮಾತ್ರ ಕಾಣುತ್ತಿತ್ತು. ಬೆರಳಿನಿಂದ ಎಳೆದರೆ ಗಡ್ಡ. ಗಡ್ಡದ ಕೆಳಗೆ ಎರಡು ಬಟನ್: ‘ಬರುತ್ತೇನೆ’, ‘ಬರುವುದಿಲ್ಲ’. ಅದರ ಕೆಳಗೆ ಎಲ್ಲರಿಗೂ ಕಾಣುವಂತೆ, ಬರುವವರ ಸಂಖ್ಯೆ. ಆ ಸಂಖ್ಯೆ ತಾನಾಗಿ ಬದಲಾಗುವುದನ್ನು ನೋಡಿ ನನಗೇ ರೋಮಾಂಚನವಾಗಿತ್ತು.

ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಹಾಕಿದೆ. ಹೂವುಗಳು ಬಂದವು, ಹೆಬ್ಬೆರಳುಗಳು ಬಂದವು, ಮುಗಿದ ಕೈಗಳು, ದುಆಗಳು, ಹಾರೈಕೆಗಳು ಬಂದವು. ಸೈಟಿನ ಸಂಖ್ಯೆ ಮಾತ್ರ ಮೇಲೇಳಲಿಲ್ಲ. ಒಂದು ಕೈಯ ಬೆರಳು ಸಾಕಾಗುವಷ್ಟಕ್ಕೆ ನಿಂತುಬಿಟ್ಟಿತು. ವಾರ ಕಳೆದರೂ ಹಾಗೆಯೇ.

ಹಾಲು ತರಲು ಅಂಗಡಿಗೆ ಹೋದಾಗ ಹಮೀದಾಕ ಫೋನು ಕೈಯಲ್ಲಿ ಹಿಡಿದು ಕೂತಿದ್ದರು. ಹಿಂದಿನ ಕಪಾಟುಗಳು ಅರ್ಧ ಖಾಲಿಯಾಗಿದ್ದವು. ನನ್ನ ಮಾಡರ್ನ್ ಪುಟ ತೆರೆದಿತ್ತು.

“ಶೇಖರ, ಈ ಊಟ ಎಲ್ಲ ಬೇಡ. ಜನರಿಗೆ ಅವರವರ ಕೆಲಸ ಇರ್ತದೆ. ನಾನು ಹೀಗೇ ಹೋಗ್ತೇನೆ.”

“ಹಾಗಲ್ಲ ಹಮೀದಾಕ, ಜನ ನೋಡಿರ್ಲಿಕ್ಕಿಲ್ಲ ಇನ್ನೂ…”

“ನೋಡಿದ್ದಾರೆ. ಹೂ ಕಳಿಸಿದ್ದಾರಲ್ಲ.”

ನಗುತ್ತಲೇ ಹೇಳಿದರು. ಆ ನಗುವನ್ನು ನೋಡಲು ನನ್ನಿಂದಾಗಲಿಲ್ಲ. ಇಷ್ಟು ಜನರಿಗೆ ಬಡಿಸಿದ ಮನುಷ್ಯ, ತನ್ನ ಊಟಕ್ಕೆ ಬರುವವರು ಇಷ್ಟೇ ಎಂಬ ಸಂಖ್ಯೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಊರಿಗೆ ಹೋಗುವುದೇ? ಅದನ್ನು ಅವರ ಅಂಗೈಗೆ ಇಟ್ಟದ್ದು ನಾನು. “ಆಯ್ತು, ನೋಡುವ” ಎಂದು ಹೊರಗೆ ಬಂದೆ. ಹಾಲನ್ನು ಅಲ್ಲೇ ಮರೆತಿದ್ದೆ.

ಮನೆಗೆ ಬಂದು ಸುಮತಿಯ ಮುಂದೆ ಕೂಗಾಡಿದೆ. ಕೃತಘ್ನರು, ಉಂಡ ಮನೆಯ ನೆನಪಿಲ್ಲದವರು, ಇವರಿಗೆ ಹೂವು ಕಳಿಸಲಿಕ್ಕೆ ಬೆರಳು ಬರುತ್ತದೆ, ಬರುತ್ತೇನೆ ಎಂದು ಒತ್ತಲಿಕ್ಕೆ ಬರುವುದಿಲ್ಲ, ಇತ್ಯಾದಿ.

“ನಾನು ಬರುವುದಿಲ್ಲ ಅಂತ ಒತ್ತಿದ್ದೇನೆ” ಎಂದಳು.

“ನೀನಾ!”

“ಮತ್ತೆಂತ? ಊಟಕ್ಕೆ ಬರ್ತೀಯಾ ಅಂತ ಮೊದಲ್ನೇ ಸಲ ಕೇಳಿದ ಕೂಡ್ಲೆ ಯಾರಾದ್ರೂ ಹೂಂ ಅಂತಾರಾ? ಇನ್ನೊಮ್ಮೆ ಕೇಳ್ತದೆ ಅಂತ ಕಾದೆ. ‘ಧನ್ಯವಾದ’ ಅಂತ ಹೇಳಿ ಮುಚ್ಚಿಯೇ ಹೋಯ್ತು. ನನಗೆ ಬೇಜಾರಾಗಿ ಸುಮ್ನೆ ಕೂತೆ.”

ನಾನು ಶೆಟ್ರಿಗೆ ಫೋನು ಮಾಡಿದೆ. ಎಲ್ಲವೂ ಕರಾರುವಾಕ್ಕಾಗಿರಬೇಕಾದ ಶೆಟ್ರು ಏನನ್ನೂ ಒತ್ತಿರಲಿಲ್ಲ. “ನೋಡುವ ಅಂತ ಇತ್ತು ನನಗೆ. ನೋಡುವ ಅಂತ ಬಟನ್ನೇ ಇಲ್ವಲ್ಲ ಮಾರಾಯ ಅದ್ರಲ್ಲಿ!” ಇನ್ನಿಬ್ಬರಿಗೆ ಮಾಡಿದೆ. ಅಲ್ಲೂ ಅದೇ ಕಥೆ. ನನಗೆ ಕುಣಿಯುವಷ್ಟು ಸಂತೋಷವಾಯಿತು. ನಮ್ಮ ಜನ ಬದಲಾಗಿಯೇ ಇರಲಿಲ್ಲ! ಆ ಫಿಲಿಪ್ಪೀನ್ಸಿನ ಗೆಳೆಯ ಡಬ್ಬಿ ಮುಚ್ಚಿದ ಹಾಗೆ ನನ್ನ ಸೈಟು ಅವರ ಮುಖಕ್ಕೆ ಬಾಗಿಲು ಮುಚ್ಚಿತ್ತು, ಅಷ್ಟೇ.

ಅಂದು ಸಂಜೆಯೇ ಮಾಡರ್ನ್ ಅಚ್ಚನ್ನು ಎಸೆದು ಕೈಯಾರೆ ಹೊಸ ಪುಟ ಬರೆಯಲು ಕೂತೆ. ಬಿಳಿ ಪುಟ, ದೊಡ್ಡ ಅಕ್ಷರ, ಹಮೀದಾಕನ ಫೋಟೋ ಪಾಸ್‌ಪೋರ್ಟಿನಷ್ಟು. ‘ಶುಕ್ರವಾರ ಮಧ್ಯಾಹ್ನ ಹಮೀದಾಕನೊಟ್ಟಿಗೆ ಊಟ. ಬರ್ತೀರಾ?’ ಕೆಳಗೆ ಮೂರು ಬಟನ್: ‘ಬರ್ತೇನೆ’, ‘ನೋಡುವ’, ‘ಬೇಡ’. ಬೇಡ ಒತ್ತಿದರೆ ಪುಟ ಹೇಳಬೇಕು: ‘ಹಾಗೆ ಹೇಳಿದ್ರೆ ಹೇಗೆ? ತುಪ್ಪದನ್ನ ಉಂಟು.’ ಪುನಃ ಬೇಡ ಒತ್ತಿದರೆ: ‘ಊಟ ಮಾಡದಿದ್ರೆ ಬೇಡ. ಒಂಚೂರು ಕೂತು ಹೋಗಿ.’ ಮೂರನೆಯ ಸಲವೂ ಒತ್ತಿದರೆ: ‘ಆಯ್ತು. ನಿಮ್ಮ ಪಾಲು ಕಟ್ಟಿ ಇಡ್ತೇವೆ.’ ಸಂಖ್ಯೆಯನ್ನು ತೆಗೆದೇ ಹಾಕಿದೆ.

ನನ್ನ ಮಗಳು ನಿಶಾ ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಕಂಪ್ಯೂಟರ್ ಸಯನ್ಸ್ ಓದುತ್ತಾಳೆ, ಅವಳ ಕನ್ನಡದಲ್ಲಿ ಕನ್ನಡ ಸ್ವಲ್ಪ ಕಡಿಮೆ. ಹಿಂದೆ ನಿಂತು ನೋಡಿ ಗಾಬರಿಯಾದಳು.

“ಪಪ್ಪಾ, ಇದು ಡಾರ್ಕ್ ಪ್ಯಾಟರ್ನ್! ನೋ ಅಂದ್ರೂ ಬಿಡದೆ ಟ್ರ್ಯಾಪ್ ಮಾಡೋದು. ಬ್ಯಾಡ್ ಡಿಸೈನ್.”

ನಾನು ಬೆಚ್ಚಿದೆ. ಅವಳು ಹೇಳಿದ್ದು ಸುಳ್ಳಲ್ಲ. ‘ಬೇಡ, ನನಗೆ ಉಳಿತಾಯ ಮಾಡುವುದು ಇಷ್ಟವಿಲ್ಲ’ ಎಂದು ಬಟನ್ನಿನ ಮೇಲೆ ಬರೆದು ನಮ್ಮ ಬಾಯಿಂದಲೇ ನಮ್ಮನ್ನು ಬೈಯಿಸುವ ಸೈಟುಗಳು ಬೇಕಾದಷ್ಟಿವೆ. ಅವೂ ಒತ್ತಾಯ ಮಾಡುತ್ತವೆ, ನಾನೂ ಮಾಡುತ್ತಿದ್ದೇನೆ. ಏನು ವ್ಯತ್ಯಾಸ? ಯೋಚಿಸಿ ಹೇಳಿದೆ: “ಅವರು ನಮ್ಮಿಂದ ತಗೊಳ್ಳಲಿಕ್ಕೆ ಒತ್ತಾಯ ಮಾಡುದು ಮಗಾ. ಇದು ಬಡಿಸ್ಲಿಕ್ಕೆ.”

“ಹಾಗಾದ್ರೆ ಬೇಡ ಬಟನ್ ಯಾಕೆ ಇಷ್ಟು ಚಿಕ್ಕದು?”

ನೋಡಿದೆ. ನನಗೇ ಗೊತ್ತಿಲ್ಲದೆ ಅದನ್ನು ಎಳ್ಳಿನಷ್ಟು ಮಾಡಿಟ್ಟಿದ್ದೆ. ನಾಚಿಕೆಯಾಗಿ ಮೂರೂ ಬಟನ್ನುಗಳನ್ನು ಒಂದೇ ಅಳತೆಗೆ ತಂದೆ. ಮೂರನೆಯ ಬೇಡದ ನಂತರ ಎಷ್ಟು ಆಸೆಯಾದರೂ ಕೇಳುವಂತಿಲ್ಲ ಎಂದೂ ಅವಳು ತಾಕೀತು ಮಾಡಿದಳು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಒಬ್ಬನೇ ನಗುತ್ತೇನೆ. ಜನ ಹುಚ್ಚೆದ್ದು ಬೇಡ ಒತ್ತಿದರು. ಪುಟ ಏನು ಹೇಳುತ್ತದೆ ಎಂದು ನೋಡಲಿಕ್ಕೇ ಒತ್ತಿದರು, ಅತ್ತೆಯವರಿಂದ ಒತ್ತಿಸಿದರು, ಅದರ ಫೋಟೋ ತೆಗೆದು ಗುಂಪಿಗೆ ಹಾಕಿದರು. ದಹ್ರಾನಿನಿಂದ ಒಬ್ಬರು ನನ್ನನ್ನೇ ಕರೆದು “ನಿಮ್ಮ ಸೈಟು ನನ್ನ ದೊಡ್ಡಮ್ಮನ ಹಾಗೇ ಉಂಟು ಮಾರಾಯ್ರೆ” ಎಂದರು. ದೇಶದ ಆ ಕೊನೆಯ ಯಾನ್ಬುವಿನಲ್ಲಿರುವ ಒಬ್ಬರು ಮೂರು ಸಲವೂ ಬೇಡ ಒತ್ತಿ, “ನನ್ನ ಪಾಲನ್ನು ಯಾವ ಬಸ್ಸಿಗೆ ಹಾಕ್ತೀರಿ?” ಎಂದು ಕೇಳಿದರು. ಶೆಟ್ರಿಗೆ ಒಂದೇ ಚಿಂತೆ.

“ಈ ನೋಡುವ ಅಂದವರನ್ನು ಹೇಗೆ ಲೆಕ್ಕ ಹಿಡಿಯುದು?”

“ನೀವು ಎಂತ ಒತ್ತಿದ್ದು?”

“ನೋಡುವ.”

“ಬರ್ತೀರಾ?”

“ನಾನು ಅಧ್ಯಕ್ಷ ಅಲ್ವನಾ! ಮಕ್ಕಳನ್ನು ಕರ್ಕೊಂಡೇ ಬರ್ತೇನೆ.”

“ಹಾಗೇ ಲೆಕ್ಕ ಹಿಡೀರಿ” ಎಂದೆ.

ಜನ ಬಕಾಲಕ್ಕೂ ಹೋಗಿ ನಕ್ಕರಂತೆ. ನಿಮ್ಮ ಸೈಟು ಬಿಡುವುದೇ ಇಲ್ಲವಲ್ಲ ಹಮೀದಾಕ ಎಂದರಂತೆ. ಎರಡು ದಿನದ ನಂತರ ಅವರ ಫೋನು ಬಂತು. “ಎಂತ ಮಾರಾಯ, ಅಷ್ಟು ಹೇಳ್ತಾರೆ ಅಂತಾದ್ರೆ… ನೋಡುವ.”

ಊಟಕ್ಕೆ ಊರ ಹೊರಗೆ ಒಂದು ಇಸ್ತಿರಾಹ ಹಿಡಿದಿದ್ದೆವು. ಹುಲ್ಲುಹಾಸು, ಒಂದು ಹಾಲ್, ಮಕ್ಕಳಿಗೆ ಉಯ್ಯಾಲೆ ಇರುವ ಬಾಡಿಗೆಯ ತೋಟದ ಮನೆ. ಶುಕ್ರವಾರ ನಮಾಜು ಮುಗಿದದ್ದೇ ತಡ, ಕಾರುಗಳು ಬಂದವು, ಕ್ಯಾಂಪಿನಿಂದ ಒಂದು ಬಸ್ಸೇ ಬಂತು. ಬರ್ತೇನೆ ಎಂದವರು ಬಂದರು, ನೋಡುವ ಎಂದವರು ಸಂಸಾರ ಸಮೇತ ಬಂದರು, ಮೂರು ಸಲ ಬೇಡ ಎಂದವರಲ್ಲೂ ಕೆಲವರು ತಮ್ಮ ಪಾಲನ್ನು ಒಯ್ಯಲು ಬಂದೆವು ಎನ್ನುತ್ತ ಪಂಕ್ತಿಯಲ್ಲಿ ಕೂತರು. ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಸಾಲದೆ ಶೆಟ್ರು ಇನ್ನೊಂದು ಸುರುಳಿ ತರಿಸಿದರು. ನಾನು ಸಂಭ್ರಮದಲ್ಲಿ ಅತ್ತಿಂದಿತ್ತ ಸುಮ್ಮನೆ ಓಡಾಡುತ್ತಿದ್ದೆ. ಯಾವ ಕೆಲಸವೂ ಇರಲಿಲ್ಲ, ಆದರೂ ಬೆವರುತ್ತಿದ್ದೆ.

ಹಮೀದಾಕನನ್ನು ಹುಡುಕಿದರೆ ಅವರು ಅಂಗಿಯ ತೋಳು ಮಡಚಿ, ಅನ್ನದ ಪಾತ್ರೆ ಹಿಡಿದು ಬಡಿಸುತ್ತಿದ್ದರು. ತನ್ನ ಬೀಳ್ಕೊಡುಗೆಗೆ ತಾನೇ! ಹೋಗಿ ಪಾತ್ರೆಗೆ ಕೈ ಹಾಕಿದೆ.

“ನೀವು ಕೂತ್ಕೊಳ್ಳಿ ಹಮೀದಾಕ.”

“ಬೇಡ ಬೇಡ. ನೀವೆಲ್ಲ ಉಣ್ಣಿ. ನಂದು ಆಮೇಲೆ.”

ಎಷ್ಟೋ ಶುಕ್ರವಾರ ಕೇಳಿದ ಮಾತು. ನಂದು ಆಮೇಲೆ. ನಾವು ಕೈ ತೊಳೆದು, ಅವರ ಅಂಗಡಿಯ ಸೋಂಪನ್ನೇ ಬಾಯಿಗೆ ಹಾಕಿಕೊಂಡು ಹೊರಡುತ್ತಿದ್ದೆವು. ಆ ‘ಆಮೇಲೆ’ ಯಾವಾಗ ಎಂದು ನಾನು ನೋಡಿದವನೇ ಅಲ್ಲ.

ಪಾತ್ರೆಯನ್ನು ಸುಮತಿಯ ಕೈಗೆ ಕೊಟ್ಟೆ. ಹಮೀದಾಕ ನನ್ನನ್ನು ಸ್ವಲ್ಪ ಬದಿಗೆ ಎಳೆದರು. ಗುಟ್ಟು ಹೇಳುವ ಹಾಗೆ ನಗುತ್ತಿದ್ದರು.

“ಶೇಖರ, ನಿನ್ನ ಪುಟದಲ್ಲಿ ನಾನೂ ಒತ್ತಿದೆ ಮಾರಾಯ.”

“ಎಂತ ಒತ್ತಿದ್ರಿ?”

“ಬೇಡ.”

“ನಿಮ್ಮ ಊಟಕ್ಕೆ ನೀವೇ ಬೇಡವಾ!”

“ಸುಮ್ನೆ. ಎಂತ ಹೇಳ್ತದೆ ನೋಡುವ ಅಂತ. ಬೇಡ ಅಂದ್ರೂ ತುಪ್ಪದನ್ನ ಉಂಟು ಅಂತು. ಪುನಃ ಒತ್ತಿದೆ, ಒಂಚೂರು ಕೂತು ಹೋಗಿ ಅಂತು. ಮೂರನೇದು ಒತ್ಲಿಕ್ಕೆ ಮನಸ್ಸು ಬರ್ಲಿಲ್ಲ. ಮುಚ್ಚಿ ಮೊದಲಿಂದ ಶುರು ಮಾಡಿದೆ. ದಿನಾ ಅಂಗಡಿ ಖಾಲಿ ಇರುವಾಗ ಒತ್ತುದು ಒಂದು ಅಭ್ಯಾಸ ಆಯ್ತು.”

“ಎಂತಕ್ಕೆ ಹಮೀದಾಕ?”

ಅವರು ಪಂಕ್ತಿಯ ಕಡೆ ನೋಡಿದರು.

“ಈ ದೇಶಕ್ಕೆ ಬಂದ ಮೇಲೆ ನನ್ನ ಹತ್ರ ಎರಡನೇ ಸಲ ಯಾರೂ ಕೇಳಿದ್ದಿಲ್ಲ ಮಾರಾಯ.”

ದೂರಿನಂತೆ ಹೇಳಲಿಲ್ಲ. ಒಳ್ಳೆಯ ತಮಾಷೆಯೊಂದನ್ನು ಹೇಳುವ ಹಾಗೆಯೇ ಹೇಳಿದರು. ಸುಮತಿ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಕಣ್ಣು ತುಂಬಿತ್ತು, ಆದರೆ ಧ್ವನಿ ಮಾತ್ರ ಇಡೀ ಹಾಲಿಗೆ ಕೇಳುವಷ್ಟಿತ್ತು.

“ಹಮೀದಾಕ, ಊಟಕ್ಕೆ ಕೂತ್ಕೊಳ್ಳಿ.”

“ಬೇಡ ಮಗಳೇ, ಆಮೇಲೆ.”

“ಹಾಗೆ ಹೇಳಿದ್ರೆ ಹೇಗೆ? ಕೂತ್ಕೊಳ್ಳಿ.”

ಪಂಕ್ತಿಯಲ್ಲಿ ಕೈಗಳು ನಿಂತವು. ಎಲ್ಲರೂ ಇತ್ತ ತಿರುಗಿದರು. ಹಮೀದಾಕ ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿದರು, ಮುಖ ಒರೆಸಿದರು, ಬಹಳ ಹೊತ್ತು ಒರೆಸಿದರು.

“ಬೇಡ…” ಎಂದರು. ಹೇಳುತ್ತ ಹೇಳುತ್ತಲೇ ಮೊಣಕಾಲು ಹಿಡಿದುಕೊಂಡು, ಶೆಟ್ರ ಮತ್ತು ಒಬ್ಬ ಬಸ್ ಡ್ರೈವರನ ನಡುವೆ ಇದ್ದ ಜಾಗದಲ್ಲಿ ಇಳಿದು ಕೂತರು. ಸುಮತಿ ತಟ್ಟೆ ಇಟ್ಟಳು.

“ಸ್ವಲ್ಪ ಸಾಕು” ಎಂದರು ಹಮೀದಾಕ.

ಸ್ವಲ್ಪ ಎಂದರೆ ಎಷ್ಟು ಎಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಒಬ್ಬೊಬ್ಬರೂ ಎದ್ದು ಬಂದು ಒಂದೊಂದು ಸೌಟು ಹಾಕಿ ಹೋದರು.